ರವಿವಾರದ ಗಂಜಿ

ಆಗಸ್ಟ್ 11, ಸೋಮವಾರ

ಅಂಗಡಿಯ ಗಿರಾಕಿಗಳಿಗೆ ಹಂಚಲು ಮಗ ಪ್ರಸಾದ ಮಾಡಿಸಿದ ಡೈರಿಗಳಲ್ಲಿ ಒಂದು ಉಳಿದಿತ್ತು. ಒಳ್ಳೆಯ ಹಾಳೆ ಖಾಲಿ ಬಿಡುವುದು ನನಗೆ ಸೇರದು. ಬೀಗದ ಅಗತ್ಯವೂ ಇಲ್ಲ. ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಹೈಸ್ಕೂಲಿನವರೆಗೆ ಓದಿದವಳು ಸೊಲ್ಲಾಪುರದ ಈ ಮನೆಯಲ್ಲಿ ನಾನೊಬ್ಬಳೇ. ಪ್ರಸಾದನದು ಮರಾಠಿ ಶಾಲೆ. ಸೊಸೆ ಶೀತಲ ಕನ್ನಡ ಅಕ್ಷರ ಕಂಡರೆ ಜಿಲೇಬಿ ಎನ್ನುತ್ತಾಳೆ.

ಪೆನ್ನು ಹಿಡಿಯುವುದು ಕಷ್ಟವಾಗಿದೆ. ಆದರೂ ಬರೆಯುತ್ತೇನೆ. ಯಜಮಾನಿ ಯಾರು ಎಂದು ಬೆರಳುಗಳಿಗೆ ಗೊತ್ತಾಗಲಿ.

ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗ ಎಡ ಅಂಗೈ ತೆರೆಯಲೇ ಇಲ್ಲ. ಬಲಗೈಯಿಂದ ಒಂದೊಂದು ಬೆರಳನ್ನೂ ಬಿಡಿಸಬೇಕಾಯಿತು. ಬಲಗೈಯಾದರೂ ಏನು, ಅದೂ ಅದರ ತಂಗಿಯೇ. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ, ಅದು ವಾಲಿತು. ಎದೆಗೆ ಒತ್ತಿ ಹಿಡಿದೆ. ಬಾಗಿಲು ಹಾಕಿದ್ದರಿಂದ ಯಾರೂ ನೋಡಲಿಲ್ಲ.

ಸಂಜೆ ಶ್ರಾವಣ ಸೋಮವಾರದ ಒಪ್ಪತ್ತು ಬಿಡಲು ರೊಟ್ಟಿ ಬಡಿಯಲು ಕುಳಿತೆ. ಮೊದಲ ರೊಟ್ಟಿ ಮಹಾರಾಷ್ಟ್ರದ ನಕಾಶೆಯಂತಾಯಿತು. ಎರಡನೆಯದರಲ್ಲಿ ಕೊಂಕಣವೇ ಹರಿದುಹೋಯಿತು.

"ಆಯಿ, ಇವತ್ತ ನಾ ಬಡೀತೀನಿ ಬಿಡ್ರಿ" ಎಂದಳು ಶೀತಲ.

"ನೀ ಬಡದದ್ದಕ್ಕ ರೊಟ್ಟಿ ಅನ್ನೂದಿಲ್ಲ, ಪಾಪಡ ಅಂತಾರ."

ಅವಳು ಒಲೆಯ ಉರಿ ಸಣ್ಣ ಮಾಡಿದಳು. ನಕಾಶೆಗಳನ್ನು ನಾನೇ ತಿಂದೆ.

ಆಗಸ್ಟ್ 14, ಗುರುವಾರ

ರಕ್ತದ ರಿಪೋರ್ಟು ಬಂದಿತ್ತು. ಪ್ರಸಾದ ಅಂಗಡಿ ಬಿಟ್ಟು ನನ್ನನ್ನು ಸಂದು ನೋವಿನ ಡಾಕ್ಟರಬಾಯಿಯ ಹತ್ತಿರ ಕರೆದುಕೊಂಡು ಹೋದ. ವಯಸ್ಸು ನನ್ನ ಸೊಸೆಯಷ್ಟು, ಮಾತು ನನ್ನಷ್ಟು, ಆದರೆ ಮರಾಠಿಯಲ್ಲಿ. ನನ್ನ ಬೆರಳುಗಳನ್ನು ಒತ್ತಿ ಒತ್ತಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ.

ಇದು ವಯಸ್ಸಿನ ವಾಯು ಅಲ್ಲವಂತೆ. ಮೈಯೊಳಗೆ ರೋಗದ ವಿರುದ್ಧ ಕಾವಲಿರುವ ಶಕ್ತಿಯೇ ದಾರಿ ತಪ್ಪಿ ನನ್ನ ಸಂದುಗಳನ್ನು ಕಡಿಯುತ್ತಿದೆಯಂತೆ. ಅಂಗಡಿಯ ವಾಚಮನ್ನನೇ ಶಟರ್ ಮುರಿದರೆ ಹೇಗೋ ಹಾಗೆ. ಯಾಕೆ ಹೀಗಾಯಿತು ಎಂದು ಕೇಳಿದೆ. "ಖರೇ ಹೇಳಬೇಕಂದ್ರ, ಪೂರ್ತಿ ಗೊತ್ತಿಲ್ಲ" ಎಂದಳು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಮೊದಲ ಸಲ ನೋಡಿದೆ. ಫೀ ಕೊಡಬಹುದು ಎನ್ನಿಸಿತು.

ಔಷಧದ ಹೆಸರು ಮೆಥೊಟ್ರೆಕ್ಸೇಟ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ನೋವೇ ಹೋಗಬೇಕು. ವಾರಕ್ಕೆ ಒಂದೇ ದಿನ ನುಂಗಬೇಕು. ತಪ್ಪಿ ದಿನಾಲೂ ನುಂಗಿದರೆ ಜೀವಕ್ಕೇ ಕುತ್ತು. ಇದನ್ನು ಅವಳು ಮತ್ತೆ ಮತ್ತೆ ಹೇಳಿದಳು. "ನನಗ ಒಂದ ಸಲ ಹೇಳಿದ್ರ ಸಾಕು" ಎಂದೆ. ಶನಿವಾರ ಎಂದು ಗೊತ್ತುಮಾಡಿದೆವು. ನಡುವೆ ರಕ್ತ ತಪಾಸಣೆ ಮಾಡಿಸುತ್ತಿರಬೇಕು. ಗುಣ ಕಾಣಲು ದಸರೆಯೋ ದೀಪಾವಳಿಯೋ ಆಗಬಹುದು.

"ತಗೊಳ್ಳಲಿಲ್ಲಂದ್ರ?"

"ಬೆರಳು ಸೊಟ್ಟ ಆಗ್ತಾವ. ಒಮ್ಮೆ ಸೊಟ್ಟ ಆದವನ್ನ ಯಾವ ಗುಳಿಗೀನೂ ನೀಟ ಮಾಡೂದಿಲ್ಲ."

ನನ್ನ ಅತ್ತೆಯವರ ಕೈ ಕಣ್ಣ ಮುಂದೆ ಬಂತು. ಬೆರಳೆಲ್ಲ ಒಂದೇ ಕಡೆ ವಾಲಿದ್ದವು, ಗಾಳಿಗೆ ಬಾಗಿದ ಜೋಳದ ಹಾಗೆ. ಎಲ್ಲರೂ ವಾಯು ಎಂದು ಎಣ್ಣೆ ತಿಕ್ಕಿದರು. ಕೊನೆಗೆ ಅವರಿಂದ ಕೀಲಿಕೈ ಗೊಂಚಲು ಹಿಡಿಯಲಾಗಲಿಲ್ಲ. ನನ್ನ ಸೊಂಟಕ್ಕೆ ಬಂತು. ಅಂದಿನಿಂದ ಅವರನ್ನು ಯಾರೂ ಏನನ್ನೂ ಕೇಳಲಿಲ್ಲ. ಸಾರಿಗೆ ಉಪ್ಪೆಷ್ಟು ಎಂದು ಕೂಡ.

ರಿಕ್ಷಾದಲ್ಲಿ ಪ್ರಸಾದನಿಗೆ ಹೇಳಿದೆ: "ಯಾರಿಗೂ ಹೇಳಬಾರದು. ಶೀತಲಗೂ."

"ಹೂಂ ಅವ್ವಾ."

"ಆಣಿ ಮಾಡು."

"ಏ ಅವ್ವಾ, ಸಿಗ್ನಲ್ಲಿನ್ಯಾಗ ಆಣಿ ಏನ ಮಾಡ್ಲಿ?"

ಆಗಸ್ಟ್ 17, ರವಿವಾರ

ನಿನ್ನೆ ಊಟದ ಮೇಲೆ ನುಂಗಿದೆ. ಸಣ್ಣ ಹಳದಿ ಗುಳಿಗೆಗಳು. ಇವು ಏನು ಮಾಡಿಯಾವು ಎಂದುಕೊಂಡಿದ್ದೆ. ಇವತ್ತು ಬೆಳಗಿನಿಂದ ಹೊಟ್ಟೆಯಲ್ಲಿ ಎಸ್‌ಟಿ ಬಸ್ಸು ಓಡಾಡುತ್ತಿದೆ, ಅದೂ ಮಂಗಳವೇಢೆಯ ತಗ್ಗುಬಿದ್ದ ದಾರಿಯ ಮೇಲೆ. ಒಗ್ಗರಣೆಯ ವಾಸನೆ ಬಂದರೆ ಸಾಕು, ತಲೆ ತಿರುಗುತ್ತದೆ. ಅಡುಗೆಮನೆಗೆ ಹೋಗದೆ ಪಡಸಾಲೆಯಲ್ಲಿ ಗಂಜಿ ಹಿಡಿದು ಕುಳಿತಿದ್ದೆ.

ಆಗಲೇ ಪಕ್ಕದ ಮನೆಯ ಸೋನಾಬಾಯಿ ಬಂದಳು. ಇವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಇಡೀ ಗಲ್ಲಿಗೆ ಮುಟ್ಟುತ್ತದೆ.

"ಕಸ್ತೂರಕ್ಕಾ, ರವಿವಾರ ದಿನ ಗಂಜಿ? ಆರಾಮ ಇಲ್ಲೇನು?"

ಎದುರಿನ ಗೋಡೆಯ ಮಾಡದಲ್ಲಿ ಹಣಮವ್ವ ಕೊಟ್ಟ ಭಂಡಾರದ ಪೊಟ್ಟಣವಿತ್ತು. ಹಣಮವ್ವ ಎಂದರೆ ಹುಲಜಂತಿ ಕಡೆಯ ಕುರುಬರವಳು, ನಮ್ಮ ಅಂಗಡಿಯ ಕಂಬಳಿಗಳಿಗೆ ಉಣ್ಣೆ ನೂಲುವವಳು. ಬಂದಾಗಲೆಲ್ಲ ಅವರ ಮೈಲಾರಲಿಂಗನ ಅರಿಷಿಣ ಕೊಟ್ಟು ಹೋಗುತ್ತಾಳೆ. ಅದನ್ನು ನೋಡುತ್ತಲೇ ನನ್ನ ಬಾಯಿಂದ ಬಂತು:

"ಆರಾಮಕ್ಕ ಏನಾಗೇದ? ಮೈಲಾರಲಿಂಗನ ಐತವಾರ ಹಿಡದೀನಿ. ಉಪವಾಸ."

"ಮೈಲಾರ? ನಿಮ್ಮ ಮನತನದಾಗ ಮೈಲಾರ ಎಲ್ಲಿ?"

"ದೇವರಿಗಿ ಮನತನ ಕೇಳಬಾರದು."

ಸೋನಾಬಾಯಿ ಕೈ ಮುಗಿದು ಹೋದಳು. ಸುಳ್ಳಾದರೂ ಒಳ್ಳೆಯ ಸುಳ್ಳು. ಪ್ರತಿ ರವಿವಾರಕ್ಕೂ ಸಾಕಾಗುವಂಥದು.

ಆಗಸ್ಟ್ 31, ರವಿವಾರ

ಗಂಜಿ.

ಸೋನಾಬಾಯಿಯೂ ರವಿವಾರ ಹಿಡಿದಿದ್ದಾಳಂತೆ. ಕಸ್ತೂರಬಾಯಿಯಂಥ ಬಿಗಿ ಹೆಂಗಸು ಹಿಡಿದಳೆಂದರೆ ಅದರಲ್ಲಿ ಏನೋ ಇರಬೇಕು ಎಂದು ಗಲ್ಲಿಯ ಇನ್ನೂ ನಾಲ್ಕು ಮಂದಿ ಸೇರಿದ್ದಾರೆ. ನಾನು ತಡೆಯಲಿಲ್ಲ. ದೊಡ್ಡವರ ಮನೆಯವರು ಮಾಡಿದ್ದನ್ನು ಜನ ಮಾಡುತ್ತಾರೆ.

ಶೀತಲಳ ಅಜಾಗರೂಕತೆ ಹೆಚ್ಚಿದೆ. ಮನೆಯಲ್ಲಿ ಈಗ ಯಾವ ಡಬ್ಬಿಯ ಮುಚ್ಚಳವೂ ಬಿಗಿಯಾಗಿರುವುದಿಲ್ಲ. ಶೇಂಗಾ ಹಿಂಡಿಯ ಚಟ್ನಿ, ಉಪ್ಪಿನಕಾಯಿ, ಬೆಲ್ಲ, ಎಲ್ಲ ಸಡಿಲ. ಮುಟ್ಟಿದರೆ ತೆರೆದುಕೊಳ್ಳುತ್ತವೆ. ಇರುವೆ ಬಂದರೆ ಗೊತ್ತಾಗುತ್ತದೆ ಅವಳಿಗೆ.

ಸೆಪ್ಟೆಂಬರ್ 3, ಬುಧವಾರ

ಏನೂ ಫರಕಿಲ್ಲ. ಸೀರೆಯ ನಿರಿಗೆ ಹಿಡಿಯಲು ಆಗಲಿಲ್ಲ. ಕೀಲಿಕೈ ಗೊಂಚಲು ಕೈಯಿಂದ ಜಾರಿ ಬಿತ್ತು. ಶೀತಲ ಎತ್ತಿಕೊಟ್ಟಳು. ತನ್ನ ಹತ್ತಿರ ಇಟ್ಟುಕೊಳ್ಳಲಿಲ್ಲ. ಕೊಟ್ಟಳು.

ಸೆಪ್ಟೆಂಬರ್ 23, ಮಂಗಳವಾರ

ರಕ್ತದ ರಿಪೋರ್ಟು ಸರಿ ಇದೆ. ಲಿವರಿಗೆ ತೊಂದರೆ ಇಲ್ಲ. ಡಾಕ್ಟರಬಾಯಿ ತಾಳ್ಮೆ ಬೇಕು ಎಂದಳು. ತಾಳ್ಮೆಯ ವಿಷಯ ಪ್ರಸಾದನಿಗೆ ಹೇಳು, ನನಗೆ ಬೇರೆ ಗುಳಿಗೆ ಕೊಡು ಎಂದೆ. ನಕ್ಕಳು, ಕೊಡಲಿಲ್ಲ. ಗುಳಿಗೆ ಸ್ವಲ್ಪ ಹೆಚ್ಚು ಮಾಡಿದಳು. ಹೊಟ್ಟೆಯಲ್ಲಿ ಓಡುವ ಬಸ್ಸು ಮಾತ್ರ ಈಗ ಡಾಂಬರು ರಸ್ತೆಗೆ ಬಂದಿದೆ.

ಅಕ್ಟೋಬರ್ 6, ಸೋಮವಾರ

ಬೆಳಿಗ್ಗೆ ಅಂಗೈ ತಾನಾಗಿಯೇ ತೆರೆಯಿತು! ಪೂರ್ತಿ ಅಲ್ಲ. ಲಿಂಗ ಕುಳಿತುಕೊಳ್ಳುವಷ್ಟು. ವಾಲಲಿಲ್ಲ. ಪೂಜೆ ಬೇಗ ಮುಗಿಸಲು ಮನಸ್ಸಾಗಲಿಲ್ಲ. ಶೀತಲ ಬಾಗಿಲು ಬಡಿದು "ಆಯಿ, ಆರಾಮ ಅದೀರೇನ್ರಿ?" ಎಂದು ಕೇಳಬೇಕಾಯಿತು.

ಮಧ್ಯಾಹ್ನ ಹಣಮವ್ವ ಬಂದಳು. ಚಳಿಗಾಲದ ಕಂಬಳಿ ಅಂಗಡಿಯಲ್ಲಿ ಇಳಿಸಿ ನೇರ ಮನೆಗೆ. ಯಾವಾಗಲೂ ಹೊಸ್ತಿಲ ಹೊರಗೆ ಕೂಡುವವಳು ಇವತ್ತು ಒಳಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ಅವ್ವಾರ, ನಮ್ಮಪ್ಪ ಮೈಲಾರ ನಿಮ್ಮ ಮನಿಗಿ ಬಂದಾನಂತ! ಕೇಳಿ ನನಗ ನಿಂದ್ರಾಕ ಆಗಲಿಲ್ರಿ. ನಿಮ್ಮ ಕೈಬೆರಳು ಮೊದಲ ಬಾವು ಬಂದಿದ್ದು ನಾ ನೋಡಿದ್ದೆ. ಈಗ ಇಳದಾವ. ದವಾಖಾನಿ ಏನೂ ಇಲ್ಲದ?"

ಪಕ್ಕದಲ್ಲಿ ಸೋನಾಬಾಯಿ ಕಿವಿ ನಿಮಿರಿಸಿ ಕುಳಿತಿದ್ದಳು.

"ಒಂದ ಗುಳಿಗೀನೂ ಮುಟ್ಟಿಲ್ಲ" ಎಂದೆ.

ಹಣಮವ್ವ ನನ್ನ ಹಣೆಗೆ ಭಂಡಾರ ಹಚ್ಚಿದಳು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಚಹಾ ಕುಡಿದಳು. ಬಿಸಿಲಿನಲ್ಲಿ ಇವಳಿಗೆಂಥ ಚಳಿ ಎಂದುಕೊಂಡೆ.

ಅಕ್ಟೋಬರ್ 22, ಬುಧವಾರ

ದೀಪಾವಳಿಯ ಪಾಡ್ಯ. ರೊಟ್ಟಿ ದುಂಡಗೆ ಬಂತು. ನಾನೇ ಬಡಿದದ್ದು. ಪ್ರಸಾದ ಫೋಟೊ ತೆಗೆದುಕೊಂಡ. ರೊಟ್ಟಿಯ ಫೋಟೊ ಯಾರಾದರೂ ತೆಗೆಯುತ್ತಾರೆಯೇ, ಹುಚ್ಚ. ಇನ್ನೊಂದು ತೆಗೆ, ಬೆಳಕು ಸರಿ ಇರಲಿಲ್ಲ ಎಂದೆ.

ನವೆಂಬರ್ 9, ರವಿವಾರ

ಅಕ್ಕಲಕೋಟೆ. ದೀಪಾವಳಿಯಲ್ಲಿ ಬರಲಾಗಲಿಲ್ಲವೆಂದು ತಮ್ಮ ಶಾಂತಲಿಂಗಪ್ಪ ಈಗ ಕರೆಸಿಕೊಂಡಿದ್ದಾನೆ. ನನ್ನ ರವಿವಾರದ ಸುದ್ದಿ ನನಗಿಂತ ಮೊದಲೇ ಇಲ್ಲಿ ತಲುಪಿದೆ. ತಮ್ಮನ ಹೆಂಡತಿ ನನಗೆ ಗಂಜಿ ಬಡಿಸಿದಳು. ಅವರೆಲ್ಲ ನನ್ನೆದುರು ಹೋಳಿಗೆ ತಿಂದರು. ಹೊಟ್ಟೆ ಇವತ್ತು ನೆಟ್ಟಗಿತ್ತು. ತಿನ್ನಬಹುದಿತ್ತು. ಸುಳ್ಳಿಗೆ ಇಷ್ಟು ದಂಡ ಇರುತ್ತದೆ.

"ಅಕ್ಕಾ, ಹೊಲಕ್ಕ ಬಾ" ಎಂದ ತಮ್ಮ. "ಕುರಿ ತರುಬೀವಿ. ನಿಮ್ಮ ಹಣಮವ್ವನ ಮಂದೀನೇ ಬಂದಾರ."

ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಕೂಡಿಹಾಕಿದ್ದರು. ಹಣಮವ್ವನ ಗಂಡ ಧೂಳಪ್ಪ ಕುರಿಗಳ ಸುತ್ತ ಬಲೆ ಕಟ್ಟುತ್ತಿದ್ದ. ಹಣಮವ್ವ ಗೂಟಕ್ಕೆ ಒರಗಿ ಕುಳಿತಿದ್ದಳು. ಏಳಲಿಲ್ಲ. ಏಳಲು ಹೋಗಿ ಮತ್ತೆ ಕುಳಿತಳು. ಉಣ್ಣೆ ನೂಲುವ ಕದಿರು ಪಕ್ಕದಲ್ಲಿತ್ತು, ಅದರ ಮೇಲೆ ಒಂದೆಳೆ ನೂಲಿಲ್ಲ.

ಸೆರಗಿನಿಂದ ಕೈ ಹೊರಗೆ ತೆಗೆದಳು. ಬೆರಳಿನ ಬುಡಗಳು ಹೊಳೆಯುತ್ತಿದ್ದವು, ಉಬ್ಬಿ, ಕೆಂಪಗೆ. ನನ್ನವೇ ಕೈಗಳು. ಆಗಸ್ಟಿನವು.

"ಮಗಳು ಛಾಯಾ ಸರಕಾರಿ ದವಾಖಾನಿಗಿ ಒಯ್ದಿದ್ಲ್ರಿ. ಗುಳಿಗಿ ಕೊಟ್ಟು, ದೊಡ್ಡ ಡಾಕ್ಟರಿಗಿ ತೋರಸು ಅಂದ್ರು. ನಾ ಗುಳಿಗಿ ಹಳ್ಳಕ್ಕ ಒಗದೆ. ಅವ್ವಾರಿಗಿ ಬರೇ ಐತವಾರದಲೆ ಆರಾಮ ಆತು. ನಾ ಅಂತೂ ಆಂವನ ಮಂದಿ, ನನಗ ಆಗೂದಿಲ್ಲೇನು? ಆಂವನ ಚಂಪಾಷಷ್ಠಿ ಹಬ್ಬದ ತನ ನೋಡ್ತೀನ್ರಿ."

"ಆಗ್ತದ" ಎಂದೆ.

ಹಾಗೆಂದು ಮನೆಗೆ ಬಂದೆ. ಹೇಳಲಿಲ್ಲ.

ನವೆಂಬರ್ 10, ಸೋಮವಾರ

ಬೆಳಿಗ್ಗೆ ಪೂಜೆಗೆ ಕುಳಿತೆ. ಅಂಗೈ ಸಲೀಸಾಗಿ ತೆರೆಯಿತು. ತಾಟಿನಂತೆ ಅಗಲ. ಅದನ್ನು ನೋಡುತ್ತ ಕುಳಿತೆ, ಮಂತ್ರ ಮರೆತುಹೋಯಿತು. ಎದ್ದೆ. ಚಹಾ ಕುಡಿಯದೆ ಹೊಲಕ್ಕೆ ಹೋದೆ. ಶಾಂತಲಿಂಗಪ್ಪ "ಅಕ್ಕಾ, ಚಪ್ಪಲಿ!" ಎಂದು ಹಿಂದೆ ಕೂಗುತ್ತಿದ್ದ.

"ಹಣಮವ್ವ, ನಾ ಯಾವ ವಾರಾನೂ ಹಿಡದಿಲ್ಲ. ಗುಳಿಗಿ ನುಂಗಾಕತ್ತೀನಿ. ಶನಿವಾರ ನುಂಗ್ತೀನಿ, ಐತವಾರ ಹೊಟ್ಟಿ ತೊಳಸ್ತದ, ಅದಕ್ಕ ಗಂಜಿ."

ಧೂಳಪ್ಪನ ಕೈಯಲ್ಲಿದ್ದ ಹಗ್ಗ ಅಲ್ಲೇ ನಿಂತಿತು.

"ಮತ್ತ ಹಂಗ್ಯಾಕ ಅಂದ್ರಿ?" ಎಂದಳು ಹಣಮವ್ವ.

"ಸೋನಾಬಾಯಿ ಬಾಯಿಗಿ ಬೀಳಬಾರದು ಅಂತ."

ಮೊದಲು ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

"ಸೋನಾಬಾಯಿಗಿ ಅಂಜಿ ಮೈಲಾರನ್ನ ಮುಂದ ಮಾಡಿದ್ರೇನ್ರಿ! ಕುದರಿ ಏರಿ ಕತ್ತಿ ಹಿಡದು ರಾಕ್ಷಸರನ್ನ ಕಡದ ದೇವರ್ರಿ ಆಂವ. ಆಂವಗ ಸೋನಾಬಾಯಿ ಕಾಯೂ ಕೆಲಸ ಕೊಟ್ರೇನು!"

ಧೂಳಪ್ಪನೂ ನಕ್ಕ. ಹೊಲದ ನಡುವೆ ಕುರುಬರು ಇಬ್ಬರು ನನ್ನನ್ನು ನೋಡಿ ನಗುತ್ತಿದ್ದರು. ನಾನು ನಿಂತೇ ಇದ್ದೆ. ಆಮೇಲೆ ಅವಳ ನಗು ನಿಂತಿತು.

"ನಗೂದು ಬ್ಯಾರೆ ಮಾತ್ರಿ. ನಾ ಗುಳಿಗಿ ಹಳ್ಳಕ್ಕ ಒಗದೀನಿ. ನೂಲಾಕ ಕೈ ಏಳವಲ್ವು."

"ಅದಕ್ಕಽ ಬಂದೀನಿ. ಏಳು. ಸೊಲ್ಲಾಪುರಕ್ಕ ಹೋಗೂಣು. ನನ್ನ ಡಾಕ್ಟರಬಾಯಿ ನಿನ್ನ ನೋಡಬೇಕು."

"ಬರ್ತೀನಿ. ಆದ್ರ ಆಂವನ ಹೆಸರು ಸುಳ್ಳಸುಳ್ಳ ತಗೊಂಡೀರಿ. ದಂಡ ಕೊಡಬೇಕಾಗ್ತದ. ಚಂಪಾಷಷ್ಠಿ ದಿನ ಸುಟ್ಟ ಬದನಿಕಾಯಿ ಭರ್ತ, ರೊಟ್ಟಿ ಎಡಿ ಮಾಡ್ರಿ, ನಿಮ್ಮ ಕೈಲೆ. ನಿಮ್ಮ ಹಿಂದ ಬಿದ್ದು ಉಪವಾಸ ಬಿದ್ದವರಿಗೆಲ್ಲ ಉಣಸ್ರಿ. ಉಣಸೂಕಿಂತ ಮೊದಲ ಖರೇ ಹೇಳ್ರಿ."

ನನಗೆ ಇದುವರೆಗೆ ಯಾರೂ ದಂಡ ಹಾಕಿಲ್ಲ. ಒಪ್ಪಿದೆ. ಇಲ್ಲದಿದ್ದರೆ ಅವಳು ಏಳುವ ಹಾಗೆ ಕಾಣಲಿಲ್ಲ.

ಎಸ್‌ಟಿಯಲ್ಲಿ ಕಿಟಕಿಯ ಪಕ್ಕದ ಸೀಟು ಅವಳಿಗೆ ಕೊಟ್ಟೆ. ಕಂಡಕ್ಟರ್ "ಆಜಿ, ತುಮಚೀ ಬಹೀಣ ಕಾ?" ಎಂದು ಕೇಳಿದ, ನಿಮ್ಮ ತಂಗಿಯೇ ಎಂದು. ಇಬ್ಬರ ಹಣೆಯ ಮೇಲೂ ಅವಳು ಹಚ್ಚಿದ ಭಂಡಾರವಿತ್ತು. ಅವನ ತಪ್ಪೇನು.

ನವೆಂಬರ್ 14, ಶುಕ್ರವಾರ

ಹಣಮವ್ವನ ರಿಪೋರ್ಟು ಬಂತು. ನನ್ನದೇ ರೋಗ. ಇನ್ನೂ ಬೆರಳು ಸೊಟ್ಟಾಗಿಲ್ಲ, ಸರಿಯಾದ ವೇಳೆಗೆ ಬಂದಿದ್ದೀರಿ ಎಂದಳು ಡಾಕ್ಟರಬಾಯಿ. ಇನ್ನೆರಡು ತಿಂಗಳು ಬಿಟ್ಟಿದ್ದರೆ ಎಂದು ನಾನು ಕೇಳಲಿಲ್ಲ.

ಡಾಕ್ಟರಬಾಯಿಗೆ ಒಂದೇ ಚಿಂತೆ. ಈಕೆಗೆ ಓದಲು ಬರುವುದಿಲ್ಲ, ಕುರಿಯ ಹಿಂದೆ ಊರೂರು ತಿರುಗುತ್ತಾಳೆ. ವಾರದ ಗುಳಿಗೆಯನ್ನು ಮರೆತು ದಿನಾಲೂ ನುಂಗಿದರೆ? ಅಡವಿಯಲ್ಲಿ ಯಾವ ವಾರ ಎಂದು ಹೇಗೆ ತಿಳಿಯಬೇಕು?

ಹಣಮವ್ವ ನನ್ನ ಕಡೆ ತಿರುಗಿದಳು. "ಏನಂತಾರ್ರಿ ಅವ್ವಾರ ಇವರು?"

ಕನ್ನಡದಲ್ಲಿ ತಿಳಿಸಿದೆ.

"ಮೈಲಾರನ ಐತವಾರ ನಾ ಮರೀತೀನೇನ್ರಿ? ಹುಟ್ಟಿದಾಗಿಂದ ಐತವಾರ ಗುಡಿ ಕಡಿ ಕೈ ಮುಗಿದಽ ನೀರ ಕುಡದಾಕಿ ನಾ. ಐತವಾರದ ಹಿಂದಿನ ದಿನ ನುಂಗಬೇಕು, ಹೌದಿಲ್ಲೋ? ಹೇಳ್ರಿ ಅವರಿಗಿ, ಚಿಂತಿ ಬ್ಯಾಡ ಅಂತ."

ಮರಾಠಿಯಲ್ಲಿ ಹೇಳಿದೆ. ಡಾಕ್ಟರಬಾಯಿ ಚೀಟಿಯ ಮೇಲೆ ಏನೋ ಬರೆಯಲು ಹೋದವಳು ಪೆನ್ನು ಕೆಳಗಿಟ್ಟಳು.

ಉಪವಾಸ ಮಾತ್ರ ಕೂಡದು, ಹೊಟ್ಟೆ ತುಂಬ ಉಣ್ಣಬೇಕು ಎಂದಳು. ಅದನ್ನು ತುಸು ಜೋರಾಗಿ ಹೇಳಿದಳು. ನನಗೂ ಸೇರಿಸಿಯೇ ಇರಬೇಕು.

ನವೆಂಬರ್ 26, ಬುಧವಾರ

ಚಂಪಾಷಷ್ಠಿ.

ಬದನೆಕಾಯಿ ಶೀತಲ ಸುಟ್ಟಳು. ರೊಟ್ಟಿಗೆ ನಾನು ಕುಳಿತೆ. ಮಧ್ಯದಲ್ಲಿ ಮಣಿಕಟ್ಟು ಕುಟುಕಿತು. ಶೀತಲ ಪಕ್ಕದಲ್ಲಿ ಬಂದು ಕುಳಿತಳು. ಹಿಟ್ಟು ಅವಳ ಕಡೆ ಸರಿಸಿದೆ. ದಂಡ ನನ್ನ ಕೈಯದೇ ಆಗಿರಬೇಕೆಂದು ಹಣಮವ್ವ ಹೇಳಿದ್ದಳು. ಸೊಸೆಯ ಕೈ ಮನೆಯದೇ ಕೈ, ದೇವರು ಲೆಕ್ಕ ತೆಗೆಯುವುದಿಲ್ಲ. ಅವಳ ರೊಟ್ಟಿ ತೆಳ್ಳಗೆ ಬಂತು. ಪಾಪಡವಲ್ಲ.

ಗಲ್ಲಿಯ ಹೆಂಗಸರೆಲ್ಲ ಪಂಕ್ತಿಯಲ್ಲಿ ಕುಳಿತರು. ಹಣಮವ್ವ ಇವತ್ತು ಹೊಸ್ತಿಲ ಒಳಗೆ, ಮೊದಲನೆಯ ತಾಟಿಗೆ. ನಾನು ನಿಂತು ಗುಳಿಗೆಯ ಪಟ್ಟಿಯನ್ನು ಎತ್ತಿ ಹಿಡಿದೆ.

"ಇದು ನನ್ನ ಮೈಲಾರನ ವಾರ. ನನಗ ಸಂಧಿವಾತ ಅದ. ಎಣ್ಣಿ ತಿಕ್ಕೋ ವಾಯು ಅಲ್ಲ, ಡಾಕ್ಟರ ನೋಡಬೇಕಾದ ರೋಗ. ಯಾರಿಗೆ ಬೆಳಿಗ್ಗೆ ಕೈ ಮಡಚಾಕ ಬರೂದಿಲ್ಲೋ, ನನ್ನ ಕೂಡ ಬರ್ರಿ, ಒಯ್ತೀನಿ. ಈಗ ಉಣ್ರಿ."

ಸೋನಾಬಾಯಿ ತಾಟು ಸರಿಸಿ ಎದ್ದಳು.

"ಅಂದ್ರ ಇಷ್ಟ ದಿನ ನಾ ಸುಮ್ಮನಽ ಉಪವಾಸ ಬಿದ್ನೆ? ನನ್ನ ಕುಪ್ಪಸೆಲ್ಲಾ ಸಡಲ ಆಗ್ಯಾವ ಕಸ್ತೂರಕ್ಕಾ! ಟೇಲರ್‌ಗಿ ಎರಡ ಸಲ ಕೊಟ್ಟೀನಿ!"

"ಚೆಂದ ಕಾಣಾಕತ್ತೀರಿ ಸೋನಾಬಾಯಾರ" ಎಂದಳು ಹಣಮವ್ವ.

"ಖರೇನೇನು?" ಸೋನಾಬಾಯಿ ಕುಳಿತಳು. ಭರ್ತ ಎರಡು ಸಲ ಹಾಕಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಅತ್ತೆಯವರ ಫೋಟೊಕ್ಕೆ ಭಂಡಾರ ಹಚ್ಚಿದೆ. ಯಾಕೋ ಹಚ್ಚಬೇಕೆನಿಸಿತು. ಆಮೇಲೆ ನೆನಪಾಗಿ ಶೀತಲಳನ್ನು ಕೇಳಿದೆ, ಭರ್ತಕ್ಕೆ ಉಪ್ಪು ಸರಿ ಇತ್ತೇ ಎಂದು. "ಇನ್ನೊಂದ ಚಿಟಿಕಿ ಬೇಕಿತ್ರಿ ಆಯಿ" ಎಂದಳು. ಬಾಯಿ ಬಂದಿದೆ ಹುಡುಗಿಗೆ.

ಸೋನಾಬಾಯಿಯ ಮಾತಿಗೆ ಗಲ್ಲಿ ಏನನ್ನುತ್ತದೋ ನಾಳೆ ನೋಡೋಣ. ಅಂದರೆ ಅನ್ನಲಿ.

ಡಿಸೆಂಬರ್ 6, ಶನಿವಾರ

ಏನೂ ಅನ್ನಲಿಲ್ಲ. ಕೆಳಗಿನ ಮನೆಯ ಪೂನಮ ಮಾತ್ರ ಬಂದು ತನ್ನ ತಾಯಿಯ ಮೊಣಕಾಲು ತೋರಿಸಬೇಕು, ಯಾವ ಡಾಕ್ಟರು ಎಂದು ಕೇಳಿದಳು. ಸೋಮವಾರ ಕರೆದೊಯ್ಯಬೇಕು.

ಮನೆಯಲ್ಲಿ ಈಗ ಡಬ್ಬಿಗಳೆಲ್ಲ ಮತ್ತೆ ಬಿಗಿಯಾಗಿವೆ. ಹಿಂಡಿಯ ಡಬ್ಬಿ ತೆರೆಯಲು ಇವತ್ತು ತುಸು ಬಲ ಹಾಕಬೇಕಾಯಿತು. ಶೀತಲಳಿಗೆ ಅಂತೂ ಜವಾಬ್ದಾರಿ ಬಂತು ಎಂದು ಪ್ರಸಾದನಿಗೆ ಹೇಳಿದೆ. ಅವನು ಹೆಂಡತಿಯ ಕಡೆ ನೋಡಿ ನಕ್ಕ. ನಗುವಂಥದು ಏನಿತ್ತೋ ತಿಳಿಯಲಿಲ್ಲ.

ಕೈ ಎಷ್ಟು ಹಗುರವಾಗಿತ್ತೆಂದರೆ, ಊಟ ಮುಗಿಸಿ ಅಡಿಕೆ ಕತ್ತರಿಸುತ್ತ ಕುಳಿತುಬಿಟ್ಟಿದ್ದೆ. ಫೋನು ಬಂತು. ಅತ್ತ ಕಡೆ ಗಾಳಿ, ಕುರಿಗಳ ಸದ್ದು, ನಾಯಿ ಬೊಗಳುವುದು.

"ಅವ್ವಾರ, ನಾಳಿ ಐತವಾರ. ನಾ ನುಂಗೀನಿ. ನೀವು ನುಂಗಿದ್ರೇನು?"

ಈ ಮನೆಯಲ್ಲಿ ಇಷ್ಟು ವರ್ಷ ಎಲ್ಲರನ್ನೂ ಕೇಳಿದವಳು ನಾನು. ಬಾಗಿಲು ಹಾಕಿದಿರಾ, ದೀಪ ಹಚ್ಚಿದಿರಾ, ಉಂಡಿರಾ. ನನ್ನನ್ನು ಕೇಳಿದವರಿಲ್ಲ.

"ನುಂಗೀನಿ" ಎನ್ನಲು ಬಾಯಿ ತೆರೆದೆ.

"ಇಲ್ಲ, ಮರತಿದ್ದೆ" ಎಂದೆ.

"ಹೋಗ್ರಿ, ನುಂಗಿ ಬರ್ರಿ. ಹಿಡಕೊಂಡ ನಿಂತಿರ್ತೀನಿ."

ನಾನು ಏಳುವಷ್ಟರಲ್ಲಿ ಶೀತಲ ಎದುರಿಗೆ ಬಂದಿದ್ದಳು. ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಹಳದಿ ಗುಳಿಗೆಗಳು, ಪಟ್ಟಿಯಿಂದ ಬಿಡಿಸಿಟ್ಟವು. ಅಂಗೈ ಚಾಚಿದೆ.